ತೆರೇಸಾಳ ಹನ್ನೊಂದನೆಯ ಅಧ್ಯಾಯ

ಕಡಬ
11 ಸೆಪ್ಟೆಂಬರ್ 2023

ಝುಬೈದಾ,

ನಿನ್ನ ಪ್ರೆಸ್ಸಿನಿಂದ ನನ್ನ ಅನುವಾದದ ಪ್ರೂಫು ಬಂತು. ಅಂಚೆಯವನು ಕಾಲೇಜಿಗೇ ತಂದುಕೊಟ್ಟ. ಕೊನೆಯ ಪೀರಿಯಡ್ ಮುಗಿಸಿ ಬಂದು ಸ್ಟಾಫ್ ರೂಮಿನಲ್ಲೇ ಬಿಚ್ಚಿದೆ. ಮನೆಗೆ ಹೋಗುವವರೆಗೆ ತಡೆಯಲು ಆಗಲಿಲ್ಲ. ಎಂಟು ತಿಂಗಳು ಇದರ ಜೊತೆ ಬದುಕಿದವಳು ನಾನು.

ಹತ್ತನೆಯ ಅಧ್ಯಾಯ ಮುಗಿಯುವುದು ತೆರೇಸಾ ಶೂಟಿಂಗಿಗೆಂದು ಸರೋವರದ ಊರಿನ ರೈಲು ಹತ್ತುವಲ್ಲಿ. ಪುಟ ತಿರುಗಿಸಿದರೆ ಅವಳು ವಾರ್ಸಾದ ರೇಡಿಯೊದಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ನರಿಯ ದನಿ ಮಾಡುತ್ತಿದ್ದಾಳೆ. ಆರು ವರ್ಷಗಳಿಂದ ಒಂದು ಕ್ಯಾಮೆರಾದ ಮುಂದೆಯೂ ನಿಂತಿಲ್ಲ. ದೇಶದ ಅತ್ಯಂತ ಹೆಸರುವಾಸಿ ನಟಿ ರೈಲು ಹತ್ತಿದಳು, ಇಳಿಯುವಾಗ ನರಿಯಾಗಿದ್ದಳು. ನಡುವೆ ಏನಾಯಿತು? ಓದುವವರು ಯಾರನ್ನು ಕೇಳಬೇಕು? ನೀನು ಹನ್ನೆರಡನೆಯ ಅಧ್ಯಾಯಕ್ಕೆ ಹನ್ನೊಂದು ಎಂದು ನಂಬರು ಹಾಕಿ ಕೈತೊಳೆದುಕೊಂಡಿದ್ದೀ.

ಕಂಪೋಸ್ ಮಾಡುವಾಗ ತಪ್ಪಿಹೋಯಿತು ಎಂದು ಹೇಳಬೇಡ. ನಿನ್ನ ಬೋಜಣ್ಣ 'ವೂಚ್' ನಗರವನ್ನು ಹದಿನಾರು ಕಡೆ 'ಲೋಡ್ಜ್' ಎಂದು ಮಾಡಿದ್ದು ತಪ್ಪು. ಇದು ತಪ್ಪಲ್ಲ. ಇದು ಬೇಕೆಂದೇ ಮಾಡಿದ ಕೆಲಸ.

ಜನವರಿಯಲ್ಲಿ ಈ ಪುಸ್ತಕವನ್ನು ನನ್ನ ಕೈಗೆ ಕೊಟ್ಟವಳು ನೀನು. "ತೆರೇಸಾ ವಿಲ್ಗಾ ಅಂತ, ಪೋಲೆಂಡಿನ ಸಿನಿಮಾ ನಟಿ. ತನ್ನ ಕಥೆ ತಾನೇ ಬರೆದದ್ದು, ಇಂಗ್ಲಿಷಿಗೆ ಬಂದಿದೆ. ನೀನೇ ಕನ್ನಡ ಮಾಡ್ಬೇಕು ಮಾರಾಯ್ತಿ, ಬೇರೆ ಯಾರೂ ಬೇಡ" ಎಂದಿದ್ದೆ. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಓದುತ್ತಾ ಹೋದೆ. ಯುದ್ಧದಲ್ಲಿ ಅಪ್ಪನನ್ನು ಕಳಕೊಂಡವಳು, ಊರವರ ಬಟ್ಟೆ ಒಗೆಯುವ ಅಮ್ಮನ ಮಗಳು, ಹದಿನಾರಕ್ಕೆ ವೂಚ್‌ನ ಹತ್ತಿ ಗಿರಣಿಗೆ ಸೇರಿದವಳು. ಗಿರಣಿಯ ಊಟದ ಸಾಲಿನಲ್ಲಿ ಮುಂದಿದ್ದವನೊಡನೆ ಜಗಳವಾಡುತ್ತಿದ್ದಾಗ ಸಿನಿಮಾದವರ ಕಣ್ಣಿಗೆ ಬಿದ್ದಳು. ಹತ್ತೊಂಬತ್ತಕ್ಕೆ ಗಿರಣಿಯ ಹುಡುಗಿಯಾಗಿಯೇ ಮೊದಲ ಪಾತ್ರ. ಆ ಸಿನಿಮಾದಲ್ಲಿ ಅವಳು ಮಗ್ಗದ ಶಬ್ದವನ್ನು ಮೀರಿ ಕೂಗಿದ್ದು ನಟನೆ ಅಲ್ಲ, ಅಭ್ಯಾಸ ಎಂದು ಬರೆಯುತ್ತಾಳೆ. ಆ ವಾಕ್ಯ ಓದಿದ ಮೇಲೆ ನಾನು ಅವಳನ್ನು ಬಿಡಲಿಲ್ಲ.

ಅನುಮತಿ ಕೊಡುವಾಗ ಅವಳ ಮಗಳು ನಮಗೆ ಏನು ಬರೆದಿದ್ದಳು? "ಅಮ್ಮನ ಪುಸ್ತಕದಿಂದ ಏನನ್ನೂ ಬಿಡಬೇಡಿ." ನೆನಪು ಉಂಟಲ್ಲ?

ಫೋನು ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಸುಮ್ಮನಾಗುತ್ತೇನೆ. ಮೂವತ್ತು ವರ್ಷಗಳಿಂದ ಹಾಗೆಯೇ ನಡೆದಿದೆ. ನಿನ್ನ ನಂಬರನ್ನು ಬ್ಲಾಕ್ ಮಾಡಿ ಇಟ್ಟಿದ್ದೇನೆ. ಬರೆ.

ಕಮಲಾವತಿ

*

ಪುತ್ತೂರು
16 ಸೆಪ್ಟೆಂಬರ್ 2023

ಪ್ರೀತಿಯ ಕಮಲಾ,

ಕಡಬಕ್ಕೂ ಪುತ್ತೂರಿಗೂ ಒಂದು ಗಂಟೆಯ ಬಸ್ಸು. ನಾವು ಪರದೇಶದಲ್ಲಿ ಇರುವವರ ಹಾಗೆ ಕಾಗದ ಬರೆಯುವುದು ಎಂತ ಚಂದ? ಆದರೂ ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಆ ಅಧ್ಯಾಯ ಬಿಟ್ಟದ್ದು ಹೌದು. ನಿನಗೆ ಮೊದಲೇ ಹೇಳಬೇಕಿತ್ತು. ಪ್ರೂಫ್ ಕಳಿಸುವ ದಿನ ನಾಲ್ಕು ಸಲ ಫೋನು ಕೈಗೆತ್ತಿಕೊಂಡೆ, ಧೈರ್ಯ ಬರಲಿಲ್ಲ.

ಕಾರಣ ಕೇಳು. ನಮ್ಮ ಪುಸ್ತಕಗಳು ಹೋಗುವುದು ಶಾಲೆಗಳಿಗೆ, ಪಂಚಾಯತ್ ಲೈಬ್ರರಿಗಳಿಗೆ. ಅಪ್ಪ ಇದ್ದಾಗಿನಿಂದಲೂ ಹಾಗೆಯೇ. ಹದಿನೈದು ವರ್ಷದ ಹುಡುಗಿಯರು ಓದುವ ಪುಸ್ತಕದಲ್ಲಿ ನಿರ್ದೇಶಕ ನಟಿಗೆ ಹಾಗೆ ಮಾಡಿದ, ಹೀಗೆ ಮಾಡಿದ ಎಂದು ಇದ್ದರೆ ಮೇಷ್ಟ್ರುಗಳು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾರೆ. ಆಗ ಉಳಿದ ಇಪ್ಪತ್ತಮೂರು ಅಧ್ಯಾಯವೂ ಯಾರಿಗೂ ಸಿಕ್ಕುವುದಿಲ್ಲ. ಅವಳು ಮೂವತ್ತಕ್ಕೆ ಮತ್ತೆ ಸಿನಿಮಾಕ್ಕೆ ಬಂದು ತಾಯಿಯ ಪಾತ್ರದಲ್ಲಿ ಪ್ರಶಸ್ತಿ ಗೆದ್ದದ್ದು, 1981ರಲ್ಲಿ ಸರ್ಕಾರ ಸೈನ್ಯವನ್ನು ಬೀದಿಗಿಳಿಸಿದಾಗ ಟಿವಿಯಲ್ಲಿ ಮುಖ ತೋರಿಸುವುದಿಲ್ಲ ಎಂದು ಹಟ ಹಿಡಿದು ಇಗರ್ಜಿಯ ಹಾಲ್‌ಗಳಲ್ಲಿ ಕವಿತೆ ಓದಿದ್ದು, ಅರವತ್ತೆಂಟನೆಯ ವಯಸ್ಸಿನಲ್ಲಿ ನಾಲ್ಕೇ ಮಾತಿನ ಅಜ್ಜಿಯಾಗಿ ಎಲ್ಲರನ್ನೂ ಅಳಿಸಿದ್ದು, ಅದೆಲ್ಲ ಜನ ಓದಬೇಡವಾ?

ಇನ್ನೊಂದು ವಿಷಯ. ಮುನ್ನುಡಿಗೆ ತ್ಯಾಂಪಣ್ಣ ಮೇಷ್ಟ್ರಿಗೆ ಕೊಟ್ಟಿದ್ದೆ. ಈ ವಿಷಯ ನಿನಗೆ ಸಿಟ್ಟು ತರಿಸುತ್ತದೆ ಎಂದು ಗೊತ್ತು. ನೀನು ಅವರ ನಾಟಕದ ತಂಡ ಬಿಟ್ಟದ್ದು ಜಗಳದಲ್ಲೇ ಅಲ್ಲವಾ. ಆದರೆ ಅವರ ಮಾತು ಇದ್ದ ಪುಸ್ತಕ ಜಿಲ್ಲೆಯಲ್ಲಿ ಎಲ್ಲ ಕಡೆ ಹೋಗುತ್ತದೆ. ಚಂದ ಬರೆದಿದ್ದಾರೆ. ನಿನ್ನನ್ನು "ನನ್ನ ಹಳೆಯ ಶಿಷ್ಯೆ" ಎಂದು ಬರೆದಿದ್ದಾರೆ. ಹನ್ನೊಂದನೆಯದು ಬೇಡ ಎಂದವರೂ ಅವರೇ.

ಡಿಸೆಂಬರಿನಲ್ಲಿ ಬಿಡುಗಡೆ. ಸಿಟ್ಟು ಇಳಿದ ಮೇಲೆ ಬರೆ.

ನಿನ್ನ
ಝುಬಿ

*

ಕಡಬ
19 ಸೆಪ್ಟೆಂಬರ್ 2023

ಝುಬೈದಾ,

ಸಿಟ್ಟು ಇಳಿಯುವುದಿಲ್ಲ. ಇಳಿಯುವಂಥದ್ದಾಗಿದ್ದರೆ ಇಷ್ಟರಲ್ಲಿ ಇಳಿಯಬೇಕಿತ್ತು.

"ನನ್ನ ಹಳೆಯ ಶಿಷ್ಯೆ." ಆ ಮೂರು ಪದಗಳನ್ನು ನಿನ್ನ ಪ್ರೆಸ್ಸಿನಲ್ಲಿ ಅಚ್ಚು ಹಾಕಲು ನಿನಗೆ ಕೈ ಬಂತಲ್ಲ, ಅದನ್ನು ನಾನು ನಂಬಲಾರದೆ ಕೂತಿದ್ದೇನೆ. ಕಾಲೇಜಿಗೆ ರಜೆ ಹಾಕಿದ್ದೇನೆ. ಯಾವ ಕ್ಲಾಸಿಗೆ ಹೋಗಿ ಯಾವ ಪದ್ಯ ಪಾಠ ಮಾಡುವುದು?

ತಂಡ ಬಿಟ್ಟದ್ದು ಜಗಳದಲ್ಲಿ ಎಂದು ಬರೆದಿದ್ದೀ. ಊರಲ್ಲಿ ಅವರು ಹಾಗೆ ಹೇಳಿಕೊಂಡು ಬಂದರು. ಕಮಲಾವತಿಗೆ ತಲೆ ತಿರುಗಿದೆ, ಬೆಂಗಳೂರಿನ ಸಿನಿಮಾದವರು ಕರೆದ ಮೇಲೆ ಹಮ್ಮು ಬಂದಿದೆ, ಮೇಷ್ಟ್ರನ್ನೇ ಎದುರಿಸುತ್ತಾಳೆ ಎಂದು. ನೀನೂ ಹಾಗೆಯೇ ಹೇಳಿದೆ. ಇವತ್ತು ನಾನು ಹೇಳುತ್ತೇನೆ, ನೀನು ಓದು.

1991ರ ಫೆಬ್ರವರಿ. ಸಂಪಾಜೆಯ ಶಾಲೆಯಲ್ಲಿ ನಮ್ಮ ನಾಟಕ. ನನಗೆ ಇಪ್ಪತ್ತೊಂದು. ಮರುತಿಂಗಳು ಬೆಂಗಳೂರಿನಲ್ಲಿ ನನ್ನ ಕ್ಯಾಮೆರಾ ಪರೀಕ್ಷೆ, ಸಿನಿಮಾದ ಎರಡನೆಯ ಪಾತ್ರಕ್ಕೆ. ಮಧ್ಯಾಹ್ನ ಮೂರು ಗಂಟೆ. ಬೇರೆಯವರೆಲ್ಲ ಊಟ ಮುಗಿಸಿ ಜಗಲಿಯಲ್ಲಿ ಮಲಗಿದ್ದರು. ಹೊರಗೆ ಘಾಟಿ ಹತ್ತುವ ಲಾರಿಗಳ ಸದ್ದು. ಉಡುಪಿನ ಪೆಟ್ಟಿಗೆ ಇಟ್ಟಿದ್ದ ಐದನೇ ಕ್ಲಾಸಿನ ಕೋಣೆಗೆ ನನ್ನನ್ನು ಕರೆದವರು ಮೇಷ್ಟ್ರು. "ಕ್ಯಾಮೆರಾದ ಎದುರು ಹೇಗೆ ನಿಲ್ಲುದು ಅಂತ ತೋರಿಸ್ತೇನೆ, ಬಾ" ಎಂದರು. ನಾನು ಹೋದೆ. ಯಾಕೆ ಹೋಗಬಾರದು? ನಾಲ್ಕು ವರ್ಷ ಅವರು ಹೇಳಿದಲ್ಲಿ ನಿಂತಿದ್ದೆ, ಹೇಳಿದಲ್ಲಿ ಕೂತಿದ್ದೆ.

ನಾನು ಕೂಗಿದೆ. ಲಾರಿಯ ಸದ್ದಿನಲ್ಲಿ ಎಷ್ಟು ಕೇಳಿಸಿತೋ. ಬಾಗಿಲು ತೆರೆಯಿತು. ಬಂದರು, ಯಾರೋ ಬಂದರು ಎಂದುಕೊಂಡೆ. ಬಾಗಿಲು ಮತ್ತೆ ಮುಚ್ಚಿತು. ಬಾಗಿಲಿನ ಅಂಚು ಹಿಡಿದಿದ್ದ ಬೆರಳುಗಳಲ್ಲಿ ಅಚ್ಚಿನ ಕಪ್ಪು ಶಾಯಿ ಇತ್ತು. ಆ ತಂಡದಲ್ಲಿ ಬೆಳಗ್ಗೆ ಎದ್ದು ನಾಟಕದ ಕರಪತ್ರ ಅಚ್ಚು ಹಾಕಿ ತಂದವರು ಒಬ್ಬರೇ.

ನಾನು ಬೆಂಗಳೂರಿಗೆ ಹೋಗಲಿಲ್ಲ. ಕರಕೊಂಡು ಹೋಗಬೇಕಾದವರು ಅವರೇ ಆಗಿದ್ದರು. ಆ ಪಾತ್ರ ಬೇರೆ ಹುಡುಗಿ ಮಾಡಿದಳು. ಆಮೇಲೆ ನಾನು ಬಣ್ಣ ಹಚ್ಚಲಿಲ್ಲ. ಕಾಲೇಜು ಡೇಗೆ ಮಕ್ಕಳು ನಾಟಕ ಕಲಿಸಿ ಎಂದರೆ ಗಂಟಲು ಸರಿ ಇಲ್ಲ ಎನ್ನುತ್ತೇನೆ. ಅಷ್ಟೆಲ್ಲ ಆದ ಮೇಲೂ ನೀನು ಬಂದೆ, ನನ್ನ ಪಕ್ಕ ಕೂತೆ, ನಾನು ಕಬಕದ ನಿನ್ನ ಮನೆಯ ಜಗಲಿಯಲ್ಲಿ ಚಾ ಕುಡಿದೆ. ಹೇಳುತ್ತಾಳೆ, ಇವತ್ತು ಹೇಳುತ್ತಾಳೆ ಎಂದು ಕಾದೆ. ಮೂವತ್ತೆರಡು ವರ್ಷ.

ಈಗ ಹನ್ನೊಂದನೆಯ ಅಧ್ಯಾಯ ತೆಗೆದು ಓದು. ತ್ಯಾಂಪಣ್ಣ ಮೇಷ್ಟ್ರಿಗೆ ಮುಜುಗರ ಆಗುವ ಮಾತು ಅದರಲ್ಲಿ ಎಷ್ಟು ಉಂಟು? ಒಂದು ಪುಟ. ಉಳಿದದ್ದರಲ್ಲಿ ಹೆಚ್ಚಿನದು ಬಾಗಿಲು ಮುಚ್ಚಿ ಹೋದವಳ ಬಗ್ಗೆ. ಮೇಷ್ಟ್ರ ಹೆಸರು ಹೇಳಿ ನೀನು ಬಚಾವು ಮಾಡಿದ್ದು ಯಾರನ್ನು?

ಕಮಲಾವತಿ

*

ಕಡಬ
20 ಅಕ್ಟೋಬರ್ 2023

ಝುಬೈದಾ,

ತಿಂಗಳಾಯಿತು. ಉತ್ತರ ಇಲ್ಲ. ನಿನ್ನ ಮೌನ ನನಗೆ ಹೊಸದಲ್ಲ.

ನನ್ನ ಹಸ್ತಪ್ರತಿ ವಾಪಸು ಕೊಡು. ಮುನ್ನುಡಿ ನೀನೇ ಇಟ್ಟುಕೋ. ಮೇಷ್ಟ್ರ ಭಾವಚಿತ್ರದ ಜೊತೆ ಫ್ರೇಮ್ ಹಾಕಿಸು.

ಕಮಲಾವತಿ

*

ಕಬಕ
2 ನವೆಂಬರ್ 2023

ಕಮಲಾ,

ಬರೆಯಲು ಕೂತದ್ದು ಎಷ್ಟು ಸಲ ಎಂದು ಹೇಳಿ ಪ್ರಯೋಜನವಿಲ್ಲ. ಈ ಸಲ ಪ್ರೆಸ್ಸಿನಲ್ಲಿ ಕೂತು ಬರೆಯುತ್ತಿಲ್ಲ, ಮನೆಯಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆಗೆದವಳು ನಾನು. ಸೇಫ್ಟಿ ಪಿನ್ನು ಬೇಕಾಗಿತ್ತು, ಪೆಟ್ಟಿಗೆಯಲ್ಲಿ ಹುಡುಕಲು ಬಂದಿದ್ದೆ. ನೋಡಿದೆ. ಮೇಷ್ಟ್ರು ನನ್ನನ್ನು ನೋಡಿದರು. "ಬಾಗಿಲು ಹಾಕು" ಎಂದರು. ಕ್ಲಾಸಿನಲ್ಲಿ ಗಾಳಿ ಬಂದಾಗ ಹೇಳುವ ಹಾಗೆ, ಅಷ್ಟೇ ದನಿಯಲ್ಲಿ. ನಾನು ಹಾಕಿದೆ. ಆಗ ನನ್ನ ತಲೆಯಲ್ಲಿ ಬಂದದ್ದು ನೀನಲ್ಲ. ಅಪ್ಪ ನನ್ನನ್ನು ನಾಟಕದವರ ಜೊತೆ ಊರೂರಿಗೆ ಕಳಿಸುತ್ತಿದ್ದದ್ದು ಮೇಷ್ಟ್ರು ಇದ್ದಾರೆಂಬ ಒಂದೇ ನಂಬಿಕೆಯಲ್ಲಿ. ನಾಳೆಯಿಂದ ನಾನೂ ಮನೆಯಲ್ಲೇ ಎಂದು ಹೆದರಿದೆ. ಇದನ್ನು ನೆಪ ಎಂದು ಬರೆದದ್ದಲ್ಲ. ನನ್ನ ಮೊದಲ ಯೋಚನೆ ಅಷ್ಟು ಸಣ್ಣದಾಗಿತ್ತು ಎಂದು ನಿನಗೆ ಗೊತ್ತಿರಲಿ.

ನಿನಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ನನ್ನ ಸ್ನೇಹವೆಲ್ಲ ಅದರ ಮೇಲೆ ನಿಂತಿತ್ತು.

ಕಳೆದ ವರ್ಷ ಮಂಗಳೂರಿನಲ್ಲಿ ಹಳೆ ಪುಸ್ತಕದ ರಾಶಿಯಲ್ಲಿ ತೆರೇಸಾ ಸಿಕ್ಕಿದಳು. ಬಸ್ಸಿನಲ್ಲಿ ಓದುತ್ತಾ ಬಂದೆ. ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ವಾಕ್ಯ. "ಯಾರೋ ಬಾಗಿಲು ತೆಗೆದರು, ಮತ್ತೆ ಮುಚ್ಚಿದರು, ಉಡುಪಿನ ವಿಭಾಗದ ಹೆಂಗಸಿರಬೇಕು." ಕಬಕದಲ್ಲಿ ಇಳಿಯುವುದು ಮರೆತು ಪುತ್ತೂರಿಗೆ ಹೋಗಿ ವಾಪಸು ಬಂದೆ. ಇದನ್ನು ಕಮಲನ ಕೈಗೆ ಕೊಡುತ್ತೇನೆ, ಅವಳು ಅನುವಾದ ಮಾಡುವಾಗ ಈ ವಾಕ್ಯಕ್ಕೆ ಬರುತ್ತಾಳೆ, ನನ್ನನ್ನು ಕೇಳುತ್ತಾಳೆ, ಆಗ ಹೇಳುತ್ತೇನೆ ಎಂದು ಲೆಕ್ಕ ಹಾಕಿದೆ. ಎದುರು ಕೂತು ಹೇಳುವ ಯೋಗ್ಯತೆ ಇಲ್ಲದವಳು ಪೋಲೆಂಡಿನವಳನ್ನು ಕರೆತಂದೆ.

ನೀನು ಕೇಳಲಿಲ್ಲ. ಹಸ್ತಪ್ರತಿ ಬಂತು. ಅದನ್ನು ಮೇಷ್ಟ್ರಿಗೆ ನಾನೇ ಕೊಂಡುಹೋಗಿ ಕೊಟ್ಟೆ. ಅವರ ಮುಖ ನೋಡಬೇಕು ಎಂಬ ಹಟದಲ್ಲಿ. ವಾರ ಬಿಟ್ಟು ಹೋದೆ. ಜಗಲಿಯಲ್ಲಿ ಕೂರಿಸಿದರು. "ಒಳ್ಳೆ ಪುಸ್ತಕ ಝುಬೈದಾ. ಈ ಹನ್ನೊಂದನೆಯದೊಂದು ಬೇಡ. ಓದುವವರಿಗೆ ಮುಜುಗರ. ನಿನ್ನ ಅಪ್ಪ ಮರ್ಯಾದೆಯಲ್ಲಿ ನಡೆಸಿದ ಪ್ರೆಸ್ಸಲ್ವಾ" ಎಂದರು. ಮುಖದಲ್ಲಿ ಏನೂ ಇರಲಿಲ್ಲ ಕಮಲಾ. ಏನೂ. ನಾನು "ಆಯ್ತು ಮೇಷ್ಟ್ರೇ" ಎಂದು ಎದ್ದು ಬಂದೆ.

ಇಲ್ಲಿಯವರೆಗೆ ನನ್ನ ತಪ್ಪು. ಇನ್ನು ನಿನ್ನದು ಕೇಳು.

ನಿನಗೆ ಪುಸ್ತಕ ಕೊಡುವ ಮೊದಲು ನಾನು ಒಂದು ಝೆರಾಕ್ಸ್ ಮಾಡಿಸಿ ಇಟ್ಟಿದ್ದೆ. ಹನ್ನೊಂದನೆಯ ಅಧ್ಯಾಯ ಇಂಗ್ಲಿಷಿನಲ್ಲಿ ಆರು ಪುಟ. ನಿನ್ನ ಕನ್ನಡದಲ್ಲಿ ಹದಿನಾಲ್ಕು. ಬಾಗಿಲು ಮುಚ್ಚಿದವಳ ಬಗ್ಗೆ ತೆರೇಸಾ ಬರೆದದ್ದು ನಾನು ಮೇಲೆ ಬರೆದ ಒಂದೇ ವಾಕ್ಯ. "ಅವನಿಗಿಂತ ನಾನು ಅವಳನ್ನು ಹೆಚ್ಚು ದ್ವೇಷಿಸಿದೆ. ಅವನು ಮೃಗವಾಗಿದ್ದ, ಅವಳು ಗೆಳತಿಯಾಗಿದ್ದಳು" ಎಂಬುದು ಅವಳ ಮಾತಲ್ಲ. "ಆಮೇಲೂ ಅವಳು ನನ್ನ ಎದುರು ಕೂತು ಚಾ ಕುಡಿದಳು, ಅವಳ ಕೈ ನಡುಗಲಿಲ್ಲ" ಎಂಬುದು ಅವಳ ಮಾತಲ್ಲ. ಆ ಎಂಟು ಪುಟ ನಿನ್ನದು. ಸತ್ತುಹೋದ ಹೆಂಗಸಿನ ಬಾಯಲ್ಲಿ ನೀನು ನನ್ನನ್ನು ಬೈದೆ. ಅವಳ ಮಗಳ ಕಾಗದದಲ್ಲಿ ಅರ್ಧ ಮಾತ್ರ ನೀನು ಬರೆದಿದ್ದೀ. ಪೂರ್ತಿ ನನ್ನ ಫೈಲಿನಲ್ಲಿ ಉಂಟು. "ಏನನ್ನೂ ಬಿಡಬೇಡಿ, ಏನನ್ನೂ ಸೇರಿಸಬೇಡಿ."

ಮೇಷ್ಟ್ರ ಮನೆಯಿಂದ ಬಂದು ನಿನ್ನ ಆ ಎಂಟು ಪುಟವನ್ನು ಝೆರಾಕ್ಸಿನ ಜೊತೆ ಇಟ್ಟು ಓದಿದ ದಿನ ನಾನು ಅಧ್ಯಾಯವನ್ನೇ ತೆಗೆದೆ. ಹೌದು, ನನ್ನನ್ನು ಬಚಾವು ಮಾಡಲು. ಆದರೆ ಬೈಯುವುದಿದ್ದರೆ ನನ್ನ ಹೆಸರು ಹಿಡಿದು ಬೈಯಬೇಕಿತ್ತು. ನಿನಗೂ ಧೈರ್ಯ ಇರಲಿಲ್ಲ.

ಝುಬೈದಾ

*

ಕಡಬ
6 ನವೆಂಬರ್ 2023

ಹೌದು, ಬರೆದೆ. ಏನೀಗ?

ನನಗೆ ಧೈರ್ಯ ಇರಲಿಲ್ಲ ಎಂದು ಹೇಳಲು ನೀನು ಯಾರು? ಇಡೀ ಊರಿಗೆ ನಾನು ಹಮ್ಮಿನವಳಾದಾಗ ಒಂದು ಮಾತು ಆಡದವಳು, ಈಗ ಝೆರಾಕ್ಸ್ ಹಿಡಿದುಕೊಂಡು ಪುಟ ಎಣಿಸುತ್ತೀಯಾ? ತೆರೇಸಾ ಬದುಕಿದ್ದರೆ ನನಗೆ ಆ ಎಂಟು ಪುಟ ದಾನ ಮಾಡುತ್ತಿದ್ದಳು. ನಿನಗೆ ಒಂದು ಅಕ್ಷರ ಕೊಡುತ್ತಿರಲಿಲ್ಲ.

ಕಮಲಾವತಿ

*

ಸುಳ್ಯ
14 ನವೆಂಬರ್ 2023

ಝುಬೈದಾ,

ಹಬ್ಬಕ್ಕೆಂದು ಬೆಳ್ಯಪ್ಪಣ್ಣನ ಮನೆಗೆ ಬಂದಿದ್ದೇನೆ. ಇಂಗ್ಲಿಷ್ ಪುಸ್ತಕವನ್ನೂ ತಂದಿದ್ದೆ. ಹನ್ನೊಂದನೆಯ ಅಧ್ಯಾಯವನ್ನು ಕನ್ನಡ ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದೆ, ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು. ನಾನು ಸೇರಿಸಿದ್ದಕ್ಕೆಲ್ಲ ಗೀಟು ಹಾಕಿದೆ.

ಗೀಟು ಹಾಕಿದ ಮೇಲೆ ಉಳಿದದ್ದನ್ನು ಓದಿದರೆ ಅದು ಬೇರೆಯೇ ಅಧ್ಯಾಯ. ಅವಳು ಕೂಗುವುದಿಲ್ಲ. ನಿರ್ದೇಶಕನ ಹೆಸರು ಬರೆಯುತ್ತಾಳೆ, ಮನೆಯ ಹೆಸರೂ ಸೇರಿ ಪೂರ್ತಿ. ಊರು ಬರೆಯುತ್ತಾಳೆ, ತಾರೀಕು ಬರೆಯುತ್ತಾಳೆ, ಹೊಟೇಲಿನ ಕೋಣೆಯ ನಂಬರು ಬರೆಯುತ್ತಾಳೆ. ಸ್ಟುಡಿಯೊದವರಿಗೆ ದೂರು ಕೊಟ್ಟದ್ದು, ಅವರು ನಗುತ್ತಾ ಚಾ ಕೊಟ್ಟು ಕಳಿಸಿದ್ದು, ಮರುವಾರದಿಂದ ಯಾವ ಫೋನೂ ಬಾರದೆ ಹೋದದ್ದು. ಎಲ್ಲೂ ದ್ವೇಷ ಎಂಬ ಪದ ಇಲ್ಲ. ಅಷ್ಟು ಸಿಟ್ಟಿನ ಆರು ಪುಟಗಳನ್ನು ನಾನು ಬೇರೆ ಎಲ್ಲೂ ಓದಿಲ್ಲ. ಅದರ ಮೇಲೆ ನಾನು ನನ್ನ ಗೋಳನ್ನು ಸುರಿದು ಅವಳ ಹೆಸರುಗಳನ್ನೂ ತಾರೀಕುಗಳನ್ನೂ ಮುಳುಗಿಸಿಬಿಟ್ಟಿದ್ದೆ. ನೀನು ಬಿಟ್ಟದ್ದೂ ತಪ್ಪು. ನಾನು ಮಾಡಿದ್ದೂ ತಪ್ಪು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ, ನನಗೆ ಹೇಸಿಗೆಯಾಗುತ್ತದೆ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಣ್ಣನಿಗೆ ಹೇಳಿದೆ. ಸಂಪಾಜೆಯದ್ದನ್ನು. ಮನೆಯಲ್ಲಿ ನಾವು ಅರೆಭಾಷೆಯಲ್ಲಿ ಆಡಿದ್ದನ್ನು ನಿನಗೆ ಕನ್ನಡದಲ್ಲಿ ಬರೆಯುತ್ತೇನೆ.

ಅವನ ಕೈ ತಟ್ಟೆಯಲ್ಲೇ ನಿಂತಿತು. "ಈಗ ಎಂತಕ್ಕೆ ಹೇಳುದು?" ಎಂದ.

"ಆಗ ಹೇಳಿದ್ರೆ ಎಂತ ಮಾಡ್ತಿದ್ದೆ?"

"ಅವನ ಕಾಲು ಮುರಿತಿದ್ದೆ."

"ಮತ್ತೆ ನನ್ನನ್ನು?"

ಅತ್ತಿಗೆ ನೀರಿನ ಚೊಂಬು ತಂದವಳು ಅಲ್ಲೇ ನಿಂತಳು. "ನಿನ್ನನ್ನು ಆಚೆ ಮನೆಯ ಕೋಣೆಯಲ್ಲಿ ಕೂರಿಸ್ತಿದ್ರು, ಸಿಕ್ಕಿದವನಿಗೆ ಕೊಡ್ತಿದ್ರು" ಎಂದಳು. ಅಣ್ಣ ಅವಳ ಮೇಲೆ ರೇಗಲಿಲ್ಲ. ಕೈ ತೊಳೆದು ಹೊರಗೆ ಹೋದ. ಸಂಜೆ ಬಂದು, "ಮೇಷ್ಟ್ರು ನಮ್ಮ ಮನೆಯ ಎಲ್ಲ ಮದುವೆಗೂ ಬಂದಿದ್ದಾರೆ. ಎಲ್ಲ ಸಲವೂ ನಾನೇ ಕೈಹಿಡಿದು ಕರೆದು ಕೂರಿಸಿದ್ದು" ಎಂದ. ಮತ್ತೆ, "ನೀನು ಬಡಿಸ್ತಿದ್ದೆ" ಎಂದ. ಹೌದು, ಬಡಿಸುತ್ತಿದ್ದೆ. ಅದೂ ನನ್ನ ಸಿಟ್ಟಿನ ಪಟ್ಟಿಯಲ್ಲಿ ಉಂಟು, ನನ್ನ ಹೆಸರಿನ ಮುಂದೆ.

ಈಗ ಹೇಳುತ್ತೇನೆ ಕೇಳು. ಇದು ಕೋರಿಕೆ ಅಲ್ಲ.

ತೆರೇಸಾಳ ಹನ್ನೊಂದನೆಯ ಅಧ್ಯಾಯವನ್ನು ಅವಳು ಬರೆದ ಹಾಗೆಯೇ ಹೊಸದಾಗಿ ಮಾಡಿದ್ದೇನೆ. ಇದರ ಜೊತೆ ಇದೆ. ಒಂದು ವಾಕ್ಯ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದನ್ನು ಅದರ ಜಾಗದಲ್ಲಿ ಹಾಕು.

ಮುನ್ನುಡಿ ತೆಗಿ.

ಪುಸ್ತಕದ ಕೊನೆಯಲ್ಲಿ ಅನುವಾದಕಿಯ ಮಾತು ಎಂದು ನಾಲ್ಕು ಪುಟ ಹಾಕು. ಅದೂ ಜೊತೆಗಿದೆ. ನನ್ನ ಹೆಸರಿನಲ್ಲಿ. ಅವರ ಹೆಸರು, ತಂಡದ ಹೆಸರು, ಶಾಲೆ, ತಾರೀಕು, ಗಂಟೆ, ಎಲ್ಲ ಉಂಟು. "ಯಾರೋ ಬಾಗಿಲು ತೆಗೆದರು, ಮುಚ್ಚಿದರು" ಎಂದು ಮಾತ್ರ ಬರೆದಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ದಯೆಯಿಂದ ಅಲ್ಲ. ಅದನ್ನು ಬರೆಯಬೇಕಾದವಳು ನಾನಲ್ಲ.

ನೀನು ಅಚ್ಚು ಹಾಕದಿದ್ದರೆ ಬೇರೆ ಪ್ರೆಸ್ಸು ಹುಡುಕುತ್ತೇನೆ. ನಾಳೆ ಕಡಬಕ್ಕೆ ಹೋಗುತ್ತೇನೆ. ಉತ್ತರ ಅಲ್ಲಿಗೆ ಬರೆ.

ಕಮಲಾವತಿ

*

ಪುತ್ತೂರು
3 ಜನವರಿ 2024

ಕಮಲಾ,

ಪುಸ್ತಕದ ಮೊದಲ ಹತ್ತು ಪ್ರತಿಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಬಿಡುಗಡೆ ಸಮಾರಂಭ ಇಲ್ಲ. ಹಾಲ್ ಕೊಡುತ್ತೇನೆ ಎಂದವರು ಆಮೇಲೆ ರಿಪೇರಿ ಉಂಟು ಎಂದರು.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಿನ್ನ ನಾಲ್ಕು ಪುಟಗಳನ್ನು ಬೋಜಣ್ಣನ ಮೇಜಿನ ಮೇಲಿಟ್ಟೆ. ಅವನು ಕಂಪ್ಯೂಟರಿನಲ್ಲಿ ಅರ್ಧ ಕಂಪೋಸ್ ಮಾಡಿ ಕನ್ನಡಕ ತೆಗೆದು ಇಟ್ಟ. "ಇದು ನಮ್ಮ ಮೇಷ್ಟ್ರಾ?" ಎಂದ. ಹೌದು ಎಂದೆ. "ಆ ಬಾಗಿಲು ಹಾಕಿದ್ದು ಯಾರು?" ಎಂದ. ನಲವತ್ತು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುವವನು, ನನ್ನನ್ನು ಫ್ರಾಕ್ ಹಾಕುವಾಗಿನಿಂದ ಕಂಡವನು. "ನಾನು" ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು ಉಳಿದ ಅರ್ಧ ಕಂಪೋಸ್ ಮಾಡಿದ. ಒಂದು ತಪ್ಪೂ ಇಲ್ಲ, ನೋಡು. ವೂಚ್ ಕೂಡ ಸರಿಮಾಡಿದ್ದಾನೆ.

ಮುನ್ನುಡಿ ವಾಪಸು ಕೊಡಲು ನಾನೇ ಹೋದೆ. ಅಂಚೆಯಲ್ಲಿ ಕಳಿಸಬಹುದಿತ್ತು. ಬೆಳಗ್ಗೆ ಹನ್ನೊಂದು ಗಂಟೆ. ಮೇಷ್ಟ್ರು ಪೇಪರ್ ಓದುತ್ತಿದ್ದರು. ಎಂಬತ್ತು ಆಗಿದೆ, ಆದರೆ ದನಿ ಹಾಗೆಯೇ ಉಂಟು. ನಿನ್ನ ನಾಲ್ಕು ಪುಟದ ಪ್ರೂಫನ್ನು ಅವರ ಮುಂದೆ ಇಟ್ಟೆ. ಓದಿದರು. ನಿಧಾನವಾಗಿ, ಎರಡು ಸಲ.

"ಮೂವತ್ತು ವರ್ಷದ ಹಿಂದಿನ ಮಾತು. ಇದನ್ನು ಯಾರು ನಂಬ್ತಾರೆ?" ಎಂದರು.

"ನಾನು ಅಲ್ಲಿದ್ದೆ ಮೇಷ್ಟ್ರೇ. ನೀವು ಬಾಗಿಲು ಹಾಕು ಅಂದ್ರಿ."

ಅವರು ನನ್ನನ್ನೇ ನೋಡಿದರು. ಮೊದಲ ಸಲ ಮುಖದಲ್ಲಿ ಏನೋ ಬಂತು. ನಗು, ಕಮಲಾ. ತಪ್ಪು ಉತ್ತರ ಹೇಳಿದ ಮಕ್ಕಳ ಎದುರು ನಗುತ್ತಿದ್ದರಲ್ಲ, ಅದೇ.

"ನೀನು ಹಾಕಿದೆಯಲ್ಲ" ಎಂದರು.

ಮುನ್ನುಡಿಯನ್ನು ಅವರ ಪೇಪರಿನ ಮೇಲೆ ಇಟ್ಟು ಬಂದೆ. ದಾರಿಯಲ್ಲಿ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಅವರ ಮೇಲೆ ಬಂತು, ನನ್ನ ಮೇಲೆ ಬಂತು, ಆ ಮರ್ಯಾದೆಯ ಪ್ರೆಸ್ಸಿನ ಮೇಲೆ ಬಂತು. ನಿನ್ನ ಮೇಲೂ ಬಂತು, ಮೂವತ್ತೆರಡು ವರ್ಷ ಗೊತ್ತಿದ್ದೂ ನನ್ನ ಕೈಯಿಂದ ಚಾ ತೆಗೆದುಕೊಂಡಳಲ್ಲ ಎಂದು. ಆಗಲೇ ಉಗಿದಿದ್ದರೆ ನಾನು ಮನುಷ್ಯಳಾಗುತ್ತಿದ್ದೆನೋ ಏನೋ. ಇದು ಅನ್ಯಾಯದ ಸಿಟ್ಟು ಎಂದು ಗೊತ್ತು. ಆದರೂ ಬಂತು, ಬರೆದಿದ್ದೇನೆ.

ಪ್ರೆಸ್ಸಿಗೆ ಬಂದು ನಿನ್ನ ನಾಲ್ಕು ಪುಟದ ಹಿಂದೆ ಇನ್ನೊಂದು ಪುಟ ಸೇರಿಸಿದೆ. ನಿನ್ನನ್ನು ಕೇಳಲಿಲ್ಲ. ಪುಸ್ತಕದಲ್ಲಿ ನೋಡುತ್ತೀ. ಆದರೂ ಇಲ್ಲಿ ಬರೆಯುತ್ತೇನೆ, ನನ್ನ ಕೈಬರಹದಲ್ಲಿಯೂ ನಿನ್ನ ಹತ್ತಿರ ಇರಲಿ.

"ಆ ಬಾಗಿಲು ತೆಗೆದವಳು ನಾನು. ನೋಡಿದೆ. ತ್ಯಾಂಪಣ್ಣ ಮೇಷ್ಟ್ರು ಮುಚ್ಚು ಎಂದರು, ಮುಚ್ಚಿದೆ. ಕಮಲಾವತಿ ಬರೆದದ್ದು ನಿಜ. ಝುಬೈದಾ, ಪ್ರಕಾಶಕಿ."

ಮಗಳು ಓದಿ, "ಉಮ್ಮಾ, ನಿಮ್ಮ ಹೆಸರು ಎಂತಕ್ಕೆ ಹಾಕುದು? ಅವರೇ ಹಾಕಿಲ್ಲ" ಎಂದಳು. ಅದಕ್ಕೇ ಎಂದೆ.

ಝುಬೈದಾ

*

ಕಡಬ
22 ಫೆಬ್ರವರಿ 2024

ಝುಬೈದಾ,

ಪುಸ್ತಕ ಬಂದು ಐವತ್ತು ದಿನ ಆಯಿತು. ನಾನು ಬರೆಯದೆ ಇದ್ದದ್ದು ಬರೆಯಲು ಏನೂ ಇಲ್ಲದೆ ಅಲ್ಲ.

ಪ್ರಿನ್ಸಿಪಾಲರು ಕರೆದಿದ್ದರು. "ಮೇಡಂ, ಕಾಲೇಜಿನ ಹೆಸರು ಎಲ್ಲಿಯೂ ಹಾಕಿಲ್ಲ ಅಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಸರಿ" ಎಂದರು. ಅಷ್ಟೇ. ಕಾಲೇಜಿನ ಹೆಸರು ಬಚಾವಾಯಿತು. ಸ್ಟಾಫ್ ರೂಮಿನಲ್ಲಿ ಇಬ್ಬರು ನನ್ನ ಬೆಂಚಿನಿಂದ ಎದ್ದು ಬೇರೆ ಕಡೆ ಕೂತರು. ಸುಳ್ಯದಿಂದ ಯಾರೋ ಫೋನು ಮಾಡಿ, ವಯಸ್ಸಾದ ಮನುಷ್ಯನಿಗೆ ಹೀಗೆ ಮಾಡಬಾರದಿತ್ತು ಎಂದರು. ನನಗೆ ಇಪ್ಪತ್ತೊಂದಾಗಿದ್ದಾಗ ಅವರಿಗೆ ವಯಸ್ಸಾಗಿರಲಿಲ್ಲ ಎಂದು ಹೇಳಿ ಫೋನು ಇಟ್ಟೆ. ಬೆಳ್ಯಪ್ಪಣ್ಣ ಪುಸ್ತಕದ ಅಂಗಡಿಗೆ ಹೋಗಿ ಐದು ಪ್ರತಿ ತಂದಿದ್ದಾನೆ. ಓದುತ್ತಾನೋ ಸುಟ್ಟುಹಾಕುತ್ತಾನೋ ಕೇಳಿಲ್ಲ.

ನಿನ್ನ ಪುಟ ಓದಿದೆ. ನಾಲ್ಕು ವಾಕ್ಯ, ಮತ್ತೆ ಒಂದು ಸಹಿ. ಓದಿ ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ. ಸಮಾಧಾನ ಆಯಿತು ಎಂದು ಬರೆಯುತ್ತೇನೆ ಎಂದು ಕಾಯಬೇಡ. ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟೇ ಸಾಕಾಗಿತ್ತು ಝುಬೈದಾ. ನಾಲ್ಕು ವಾಕ್ಯ. ಬರೆಯಲು ನಿನಗೆ ಹತ್ತು ನಿಮಿಷವೂ ಬೇಕಾಗಿರಲಿಲ್ಲ. ಇವನ್ನು 1991ರಲ್ಲಿ ನನ್ನ ಕಿವಿಯಲ್ಲಿ ಒಮ್ಮೆ ಹೇಳಿದ್ದರೆ, ನಾನು ಹುಚ್ಚಿ ಅಲ್ಲ, ನಡೆದದ್ದು ನಡೆದಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಬೆಂಗಳೂರಿಗೆ ನಾನೊಬ್ಬಳೇ ಬಸ್ಸು ಹತ್ತುತ್ತಿದ್ದೆ.

ಮೊನ್ನೆ ನೋಟಿಸು ಬಂತು. ನಿನಗೂ ಬಂದಿರುತ್ತದೆ. ಒಂದೇ ಕಾಗದ, ಇಬ್ಬರ ಹೆಸರಿಗೂ. ಮೇಷ್ಟ್ರ ಪರವಾಗಿ ವಕೀಲರು ಬರೆದಿದ್ದಾರೆ. ಹದಿನೈದು ದಿನದ ಒಳಗೆ ಪುಸ್ತಕ ಹಿಂದಕ್ಕೆ ತೆಗೆದು ಪತ್ರಿಕೆಯಲ್ಲಿ ಕ್ಷಮೆ ಕೇಳಬೇಕಂತೆ, ಇಲ್ಲದಿದ್ದರೆ ಕೋರ್ಟು. ನನ್ನ ಪುಟಗಳು "ಕಟ್ಟುಕಥೆ" ಅಂತೆ. ನಿನ್ನದಕ್ಕೆ ಏನು ಹೇಳಿದ್ದಾರೆ ನೋಡಿದ್ದೀಯಾ? ಒಂದು ಮಾತೂ ಇಲ್ಲ. ನಿನ್ನ ಪುಟವೇ ಇಲ್ಲದ ಹಾಗೆ ಬರೆದಿದ್ದಾರೆ. ಅವರು ಹೆದರಿದ್ದು ಯಾವ ಪುಟಕ್ಕೆ ಎಂದು ನನಗೆ ಅರ್ಥವಾಯಿತು. ನಿನಗೂ ಆಗಲಿ.

ಒಂದು ಪ್ರತಿಯನ್ನೂ ಹಿಂದಕ್ಕೆ ತರಿಸಬೇಡ. ಕ್ಷಮೆ ನಾನು ಕೇಳುವುದಿಲ್ಲ. ನಿನಗೆ ಕೇಳಬೇಕು ಅನ್ನಿಸಿದರೆ ನನಗೆ ಈಗಲೇ ತಿಳಿಸು. ಹೇಳದೆ ಮಾತ್ರ ಹೋಗಬೇಡ, ಈ ಸಲವಾದರೂ.

ಕಡಬದಲ್ಲಿ ರಮ್ಯಶ್ರೀ ಎಂದು ವಕೀಲೆ ಇದ್ದಾಳೆ, ನನ್ನ ಹಳೆಯ ವಿದ್ಯಾರ್ಥಿನಿ. ನೋಟಿಸು ತೋರಿಸಿದೆ. "ಮೇಡಂ, ನೀವು ಬರೆದದ್ದು ನಿಮ್ಮ ಮಾತು. ಕೋರ್ಟಿನಲ್ಲಿ ಕಣ್ಣಾರೆ ಕಂಡವರು ಬೇಕು. ಅವರು ಬರ್ತಾರಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ನನಗೆ ಗೊತ್ತಿಲ್ಲ.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅವಳ ಆಫೀಸಿನಲ್ಲಿ ಕೂತು ನೋಟಿಸಿಗೆ ಉತ್ತರ ಬರೆಯುತ್ತೇವೆ. ಎಂಟೂಕಾಲಿಗೆ ಪುತ್ತೂರು ಬಿಡುವ ಬಸ್ಸು ಉಂಟು. ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ, ಬಸ್ಸು ತಪ್ಪಿದರೆ ಫೋನು ಮಾಡು.

ಅಳುವುದಿದ್ದರೆ ಬಸ್ಸಿನಲ್ಲೇ ಮುಗಿಸಿಕೊಂಡು ಬಾ. ನಾನು ಕ್ಷಮಿಸಿದ್ದೇನೆ ಎಂದುಕೊಂಡು ಬರಬೇಡ. ಸಾಕ್ಷಿ ಹೇಳಲು ಬಾ.

ಕಮಲ